ಮುಂದಿನ ಹಿಡಿ

ಶವಪೆಟ್ಟಿಗೆಯ ಮುಂದಿನ ಬಲಗಡೆ ಹಿಡಿಯನ್ನು ಹಾಡುಗಾರ ಯಾರೂ ಹೇಳುವ ಮೊದಲೇ ಹಿಡಿದುಕೊಂಡ. ಮುಂದೆ ನಿಂತೇ ಅಭ್ಯಾಸವಾದ ಮನುಷ್ಯ. ಸಾವಿನ ಮನೆಯಲ್ಲೂ ಹಿಂದೆ ಸರಿಯುವುದು ಅವನಿಗೆ ಗೊತ್ತಿರಲಿಲ್ಲ. ಎಡಗಡೆ ಹಿಡಿ ಅವರ ಹಳೆಯ ತಂಡದ ಬೇಸ್ ಗಿಟಾರಿನವನದು. ಹಿಂದಿನ ಎರಡೂ ಸತ್ತ ಡ್ರಮ್ಮರನ ಶಿಷ್ಯೆಯರದು.

ಬೀದಿಯ ತುಂಬ ಜನ. ಹಾಡುಗಾರನ ಹೊಟ್ಟೆಗೆ ಕಿಚ್ಚು ಬಿದ್ದದ್ದೇ ಆ ಜನರನ್ನು ಕಂಡು. ಹದಿನೆಂಟು ವರ್ಷ ಗ್ಯಾರೇಜಿನಲ್ಲಿ ಡ್ರಮ್ ಕಲಿಸಿಕೊಂಡಿದ್ದವನಿಗೆ ಇಷ್ಟು ಮಂದಿ ಅಳುವುದೇ? ತನ್ನ ಕಳೆದ ಕಾರ್ಯಕ್ರಮದಲ್ಲಿ ಅರ್ಧ ಕುರ್ಚಿ ಖಾಲಿ ಹೊಡೆದಿದ್ದವು. ಬೆಳಗಿನಿಂದ ಒಬ್ಬರಾದರೂ ಬಂದು ‘ನೀವು ಅವರಲ್ವಾ’ ಎಂದು ಕೇಳಿರಲಿಲ್ಲ.

ಡ್ರಮ್ಮರನ ಹೆಂಡತಿ ಹತ್ತಿರ ಬಂದಳು. “ನೀವು ಬಂದ್ರಲ್ಲ, ಅಷ್ಟೇ ಸಾಕು. ನಿಮ್ಮ ಹೊಸ ಹಾಡು ಬಂದಾಗೆಲ್ಲ ಇವರು ಶಿಷ್ಯರಿಗೆ ಕೇಳಿಸೋರು. ಧ್ವನಿ ಅಂದ್ರೆ ಇದು ಅನ್ನೋರು.”

“ಬೇರೆ ಏನೂ ಹೇಳ್ಲಿಲ್ವಾ ಅತ್ತಿಗೆ?”

“ಇಲ್ಲಪ್ಪ. ಇನ್ನೇನು ಹೇಳ್ತಾರೆ?”

ಅದೂ ಚುಚ್ಚಿತು. ಸತ್ತವನು ದೊಡ್ಡ ಮನಸ್ಸಿನವನೂ ಆಗಿಬಿಟ್ಟರೆ ಬದುಕಿರುವವನ ಗತಿಯೇನು?

*

ಹದಿನೆಂಟು ವರ್ಷದ ಹಿಂದೆ, ಅಭ್ಯಾಸದ ಕೋಣೆಯಲ್ಲಿ, ಹಾಡುಗಾರ ಅಂದಿನ ಪತ್ರಿಕೆಯನ್ನು ಡ್ರಮ್ಮಿನ ಮೇಲೆ ಎಸೆದಿದ್ದ. ಅವರ ರಾಕ್ ಅಂಡ್ ರೋಲ್ ತಂಡದ ಬಗ್ಗೆ ಬರೆದಿದ್ದರು: ಹಾಡುಗಾರ ಬೆಂಕಿ, ಡ್ರಮ್ಮರನಿಗೆ ಮಾತ್ರ ಲಯ ನಿಲ್ಲುವುದಿಲ್ಲ, ಪ್ರತಿ ಹಾಡಿನಲ್ಲೂ ತಾಳ ಬಿಟ್ಟು ಮುಂದೆ ಓಡುತ್ತಾನೆ.

“ಇದಕ್ಕೇನಂತೀಯ?”

ಬೇಸಿನವನು ಬಾಯಿ ತೆರೆಯಹೋದ. ಡ್ರಮ್ಮರ್ ತಲೆಯಾಡಿಸಿ ಅವನನ್ನು ತಡೆದ.

“ಓಡಿದೆ ಕಣೋ. ಏನ್ಮಾಡ್ಲಿ?”

“ಹಾಗಾದ್ರೆ ನಾನು ಬೇರೆಯವರನ್ನ ನೋಡ್ಕೋತೀನಿ.”

“ನೋಡ್ಕೋ.”

ನಿಜ ಹೇಳಬೇಕೆಂದರೆ ಪತ್ರಿಕೆ ಬರೀ ನೆಪ. ಆ ವರ್ಷ ಕೊನೆಯ ಸಾಲಿನ ಜನ ಡ್ರಮ್ಮರನ ಹೆಸರು ಕೂಗತೊಡಗಿದ್ದರು.

*

ಉಳಿದ ಶಿಷ್ಯರು ಕೊರಳಿಗೆ ಡ್ರಮ್ ನೇತುಹಾಕಿಕೊಂಡು, ಹೆಜ್ಜೆಗೊಂದು ಪೆಟ್ಟಿನಂತೆ ನಿಧಾನವಾಗಿ ಬಾರಿಸುತ್ತ ಹೊರಟರು. ಎರಡನೆಯ ಬೀದಿಗೆ ತಿರುಗುವಷ್ಟರಲ್ಲಿ ಪೆಟ್ಟಿಗೆ ಒಂದು ಮಗ್ಗುಲಿಗೆ ಎಳೆಯಿತು.

“ನಿಧಾನ,” ಎಂದ ಬೇಸಿನವನು.

“ನಾನು ತಾಳಕ್ಕೇ ನಡೀತಿದೀನಿ.”

“ಇಲ್ಲ, ಓಡ್ತಿದೀಯ. ಆವಾಗ್ಲೂ ಓಡ್ತಿದ್ದೋನು ನೀನೇ. ಜನರನ್ನ ನೋಡಿದ್ರೆ ನಿನ್ನ ಕೈಲಿ ತಡೆಯೋಕಾಗ್ತಿರ್ಲಿಲ್ಲ. ಹಾಡಲ್ಲಿ ನೀನು ಒಂಟಿಯಾಗ್ಬಾರ್ದು ಅಂತ ಅವನೂ ನಿನ್ನ ಜೊತೆ ಓಡೋನು.”

“ಸುಳ್ಳು.”

“ಹೇಳ್ಬೇಡ ಅಂದಿದ್ದ. ಇವತ್ತಿನ ತನಕ ಹೇಳ್ಲಿಲ್ಲ.”

ಹಾಡುಗಾರನಿಗೆ ಈಗ ಋಣದ ಭಾವ ಬರಬೇಕಿತ್ತು. ಬಂದದ್ದು ಮತ್ತೆ ಹೊಟ್ಟೆಕಿಚ್ಚೇ. ಇಷ್ಟು ದೊಡ್ಡ ಮಾತನ್ನು ನುಂಗಿಕೊಂಡು ಗ್ಯಾರೇಜಿನಲ್ಲಿ ನೆಮ್ಮದಿಯಾಗಿ ಇದ್ದುಬಿಟ್ಟನಲ್ಲ ಇವನು! ಹೆಜ್ಜೆ ತಡೆಯಬೇಕೆಂದುಕೊಂಡ. ಎರಡೂ ಕಡೆ ಜನ ನಿಂತು ನೋಡುತ್ತಿದ್ದರು. ಕಾಲು ಮಾತು ಕೇಳಲಿಲ್ಲ.

ಪೆಟ್ಟಿಗೆ ಇನ್ನೊಮ್ಮೆ ವಾಲಿತು. ಹಿಂದಿನ ಹಿಡಿ ಹಿಡಿದಿದ್ದ ಶಿಷ್ಯೆಯರಲ್ಲೊಬ್ಬಳು ಅವನ ಕಾಲನ್ನು ಒಮ್ಮೆ ನೋಡಿ, ಪಕ್ಕದಲ್ಲಿ ಬಾರಿಸುತ್ತಿದ್ದವರಿಗೆ ತಲೆಯಲ್ಲೇ ಸನ್ನೆ ಮಾಡಿದಳು. ಡ್ರಮ್ಮುಗಳು ಒಂದು ಪೆಟ್ಟೂ ತಪ್ಪದೆ ಚುರುಕಾದವು. ಉಳಿದ ಮೂವರೂ ಹೆಜ್ಜೆ ಬಿರುಸು ಮಾಡಿದರು. ಪೆಟ್ಟಿಗೆ ನೇರವಾಯಿತು, ಬೀದಿಯ ಜನರೆಲ್ಲ ಅದರ ಹಿಂದೆ ಓಡುನಡಿಗೆಯಲ್ಲಿ ಹೊರಟರು.