‘ತಿಂದು ಸಾಯಿ’ ಎಂದವಳ ಒಪ್ಪಿಗೆ

ಆಫೀಸಿನಲ್ಲಿ ನನಗೆ ಕತ್ತರಿ ಅಂತ ಹೆಸರಿಟ್ಟಿದ್ದಾರೆ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಅಷ್ಟು ಧೈರ್ಯ ಆ ಕೋಣೆಯಲ್ಲಿ ಯಾರಿಗೂ ಇಲ್ಲ. ವಿಡಿಯೋ ಗೇಮ್ ಮಾರುವ ಆನ್‌ಲೈನ್ ಅಂಗಡಿ ನಮ್ಮದು. ಎಲ್ಲೆಲ್ಲಿಂದಲೋ ಜನ ತಾವು ಮಾಡಿದ ಆಟ ಕಳಿಸುತ್ತಾರೆ, ನಾವು ಆಡಿ ನೋಡಿ ‘ಬಿಡು’ ಅಥವಾ ‘ತಡೆ’ ಒತ್ತುತ್ತೇವೆ. ನನ್ನ ಬೆರಳು ‘ತಡೆ’ಯ ಕಡೆಗೆ ಸ್ವಲ್ಪ ವಾಲುವುದು ನಿಜ. ಯಾರದೋ ಮನೆಯ ಮಕ್ಕಳ ಕೈಗೆ ಹೋಗುವ ವಸ್ತು, ನೋಡಿ ಕೊಡಬೇಡವೇ?

ಮೇಲ್ಮನವಿ ನೋಡುವ ಸಾಹೇಬರು ನನಗೆ ತದ್ವಿರುದ್ಧ. ನಾವು ತಡೆದದ್ದನ್ನೆಲ್ಲ ಅವರು “ಹೋಗ್ಲಿ ಬಿಡಿ” ಎಂದು ಬಿಡುತ್ತಾರೆ. ಹಾಗಾಗಿ ಅವರ ಹೆಸರೂ ಹೋಗ್ಲಿಬಿಡಿ ಸಾಹೇಬರು ಎಂದೇ ಆಗಿದೆ.

“ಕೊಳ್ಳೋರಿಗೆ ಕಣ್ಣಿಲ್ವೇನಮ್ಮ? ಬೇಕಾದ್ರೆ ತಗೋತಾರೆ, ಬೇಡದಿದ್ರೆ ಬಿಡ್ತಾರೆ. ಮಧ್ಯೆ ನಾವ್ಯಾರು?” ಅನ್ನುತ್ತಾರೆ.

“ಹಾಗಾದ್ರೆ ನಮಗೆ ಸಂಬಳ ಯಾಕೆ ಸಾರ್?” ಅಂದರೆ, ಅದಕ್ಕೂ ಹೋಗ್ಲಿ ಬಿಡಿ ಅಂತಲೇ ಉತ್ತರ.

ನನ್ನ ತಂಗಿ ಪುಟ್ಟಿಯೂ ಆಟ ಮಾಡುವವಳೇ. ಪುಟ್ಟಿ ಅಂದರೆ ಮಗುವಲ್ಲ, ಮೂವತ್ತು ದಾಟಿದ ಹೆಂಗಸು. ಅಮ್ಮ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಅವಳಿಗೆ ಜಡೆ ಹಾಕಿ, ತುತ್ತು ತಿನ್ನಿಸಿ ಸಾಕಿದವಳು ನಾನು. ಈಗಲೂ ನಾವು ಮೂವರೂ ಒಂದೇ ಮನೆಯಲ್ಲಿದ್ದೇವೆ. ಬಂಧುಗಳ ಆಟವನ್ನು ನಾವು ಪರಿಶೀಲಿಸುವಂತಿಲ್ಲ ಎಂಬುದು ಆಫೀಸಿನ ನಿಯಮ. ನಾನು ಅದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ, ಮನೆಯಲ್ಲಿ ಆಟದ ಸುದ್ದಿಯನ್ನೇ ಎತ್ತಬಾರದು, ಹೆಸರೂ ಹೇಳಬಾರದು ಎಂದು ಅವಳ ಬಾಯಿ ಕಟ್ಟಿದ್ದೆ. ನಾಳೆ ಯಾರೂ ನನ್ನ ಕಡೆ ಬೊಟ್ಟು ಮಾಡಬಾರದಲ್ಲ. ಪಾಪ, ಮೂರು ವರ್ಷ ಅವಳು ಹಗಲು ಬೇರೆ ಕೆಲಸಕ್ಕೆ ಹೋಗಿಬಂದು, ರಾತ್ರಿ ಬಾಗಿಲು ಹಾಕಿಕೊಂಡು ಆಟ ಮಾಡಿದಳು.

ನಮ್ಮ ಕೋಣೆಯ ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಅಲ್ಲಿ ಸಾಲಾಗಿ ಹನ್ನೆರಡು ಮೇಜು. ಎಲ್ಲರೂ ಸದ್ದು ಹಾಕಿದರೆ ಸಂತೆಯೇ. ಹೆಡ್‌ಫೋನ್ ಹಾಕಿಕೊಂಡರೆ ಕಿವಿ ಬೇಯುತ್ತದೆ. ಅದಕ್ಕೆ ನಾವು ಸದ್ದು ನಿಲ್ಲಿಸಿ, ಪರದೆಯ ಕೆಳಗೆ ಬರುವ ಮಾತುಗಳನ್ನು ಓದಿಕೊಂಡೇ ಆಡುತ್ತೇವೆ.

ಹೀಗೇ ಒಂದು ಬೆಳಿಗ್ಗೆ ನನ್ನ ಪಾಲಿಗೆ ಒಂದು ಆಟ ಬಂತು, ಯಾವುದೋ ಕಂಪನಿಯ ಹೆಸರಿನಲ್ಲಿ. ಒಬ್ಬಳು ಹುಡುಗಿ ಬಸ್ಸು ಬರುವುದರೊಳಗೆ ಕಾಲುಚೀಲ, ಬೀಗದ ಕೈ, ಚೀಲ ಹುಡುಕಿಕೊಂಡು ಮನೆಯಿಂದ ಹೊರಡಬೇಕು. ಅಡುಗೆಮನೆಯಿಂದ ಒಬ್ಬಳು ಬೈಯುತ್ತಲೇ ಇರುತ್ತಾಳೆ. ಎಮ್ಮೆ ಅನ್ನುತ್ತಾಳೆ, ತಲೆಯಲ್ಲಿ ಮಣ್ಣಿದೆ ಅನ್ನುತ್ತಾಳೆ. ಕಡೆಗೆ “ತಟ್ಟೆ ಇಟ್ಟಿದೀನಿ, ತಿಂದು ಸಾಯಿ” ಅನ್ನುತ್ತಾಳೆ. ಮತ್ತೊಬ್ಬರಿಗೆ ಸಾಯಲು ಹೇಳುವ ಆಟವನ್ನು ಬಿಡುವಂತಿಲ್ಲ. ಹುಡುಗಿ ಬಾಗಿಲು ಹಾಕಿಕೊಂಡು ಓಡಿದಳು, ಪರದೆಯ ಮೇಲೆ ಮಾತು ನಿಂತಿತು. ನಾನು ‘ತಡೆ’ ಒತ್ತಿ, ಕಾರಣ ಬರೆದು, ಚಹಾ ಕುಡಿಯಲು ಹೋದೆ.

ಸಂಜೆ ಮನೆಗೆ ಬಂದರೆ ಪುಟ್ಟಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ನೆಲದಲ್ಲೇ ಕುಕ್ಕರಿಸಿದ್ದಳು. ಅತ್ತು ಮೂಗು ಕೆಂಪಾಗಿತ್ತು.

“ನನ್ನ ಆಟ ತಡೆದುಬಿಟ್ರು ಅಕ್ಕ. ಗೆಳತಿ ಕಂಪನಿಯಿಂದ ಕಳಿಸಿದ್ದೆ. ಇನ್ನು ಮೇಲ್ಮನವಿ ಒಂದೇ. ಅದೂ ಬಿದ್ರೆ ನಿಮ್ಮ ಅಂಗಡಿ ಬಾಗಿಲು ಮತ್ತೆ ತೆಗೆಯಲ್ಲ.”

ನನಗೆ ಪಿತ್ತ ನೆತ್ತಿಗೇರಿತು. “ಯಾವ ಕಣ್ಣಿಲ್ಲದ ಪ್ರಾಣಿ ತಡೆದಿದ್ದು? ಏನಂತ ಬರೆದಿದಾರೆ, ಓದು.”

ಅವಳು ಫೋನ್ ನೋಡಿ ಓದಿದಳು: “ಅಡುಗೆಮನೆಯ ಪಾತ್ರ ಕಟುಕಿ. ಹುಡುಗಿಯ ಮೇಲೆ ಅವಳಿಗೆ ಎಳ್ಳಷ್ಟೂ ಕಾಳಜಿಯಿಲ್ಲ.”

ಆ ‘ಎಳ್ಳಷ್ಟೂ’ ಎಂಬುದನ್ನು ನಾನು ಬಹಳ ಮೆಚ್ಚಿಕೊಂಡು ಸೇರಿಸಿದ್ದೆ. ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟು ಅವಳ ಪಕ್ಕದಲ್ಲೇ ಕೂತೆ.

“ಆ ಪ್ರಾಣಿ ನಾನೇ ಕಣೇ,” ಅಂದೆ.

ಪುಟ್ಟಿ ನನ್ನನ್ನೇ ನೋಡಿದಳು. ಒಳಗೆ ಅಮ್ಮ ಟಿವಿಯ ಸದ್ದು ಕಡಿಮೆ ಮಾಡಿದ್ದು ಗೊತ್ತಾಯಿತು.

“ನೀನು ಸದ್ದು ಹಾಕಿ ಆಡ್ಲಿಲ್ವಾ?” ಎಂದು ಪುಟ್ಟಿ ಕೇಳಿದಳು. ಇಲ್ಲ ಎಂದೆ. ಅವಳು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ರಾತ್ರಿ ಊಟಕ್ಕೆ ಕರೆದರೂ ಬರಲಿಲ್ಲ.

ಬೆಳಿಗ್ಗೆ ಆಫೀಸಿಗೆ ಹೋದವಳೇ ಸಾಹೇಬರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಮೇಲ್ಮನವಿಯ ದಿನ ಪುಟ್ಟಿಯನ್ನು ಕರೆಸಿದರು, ನನ್ನನ್ನು ಮೂಲೆಯಲ್ಲಿ ಕೂರಿಸಿದರು. “ನೀವು ಬಾಯಿ ತೆಗೆಯೋ ಹಾಗಿಲ್ಲ,” ಎಂದರು. ಮೇಲ್ಮನವಿಯ ಆಟವನ್ನು ನಮ್ಮ ಕೋಣೆಯ ಗೋಡೆಯ ದೊಡ್ಡ ಪರದೆಯಲ್ಲಿ, ಎಲ್ಲರ ಎದುರು, ಸದ್ದು ಹಾಕಿಯೇ ಆಡುವುದು ಅವರ ಕ್ರಮ.

ಆಟ ಶುರುವಾಯಿತು. “ಏ ಎಮ್ಮೆ, ಏಳೇ ಮೇಲೆ. ಬಡ್ಕೊಂಡು ಬಡ್ಕೊಂಡು ಗಂಟಲು ಹರಿದುಹೋಯ್ತು.”

ಹನ್ನೆರಡು ಮೇಜಿನವರೂ ನನ್ನ ಕಡೆ ತಿರುಗಿದರು. ಅದು ನನ್ನದೇ ದನಿ. ಬಾಯಿ ತೆಗೆಯಬೇಡಿ ಎಂದಿದ್ದ ಸಾಹೇಬರು, ತೆಗೆದೆನೇನೋ ಎಂದು ನನ್ನ ತುಟಿಯನ್ನೇ ನೋಡಿದರು. ಎರಡು ನಿಮಿಷದಲ್ಲಿ ಕೋಣೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ನನಗೆ ನಾಚಿಕೆಯೇನೂ ಆಗಲಿಲ್ಲ. ಬೈದದ್ದೆಲ್ಲ ನ್ಯಾಯವಾಗಿಯೇ ಇತ್ತು.

ಹುಡುಗಿ ಬಾಗಿಲು ಹಾಕಿಕೊಂಡು ಓಡಿದಳು. ನಾವೆಲ್ಲ ಆಟ ನಿಲ್ಲಿಸುವುದು ಅಲ್ಲೇ. ಸಾಹೇಬರು ಸೋಮಾರಿ, ನಿಲ್ಲಿಸದೆ ಹಾಗೇ ಕೂತರು. ಪರದೆಯಲ್ಲಿ ಖಾಲಿ ಅಡುಗೆಮನೆ, ಮೇಜಿನ ಮೇಲೆ ಮುಚ್ಚಿಟ್ಟ ತಟ್ಟೆ. ಪಾತ್ರೆ ಇಡುವ ಸದ್ದಾಯಿತು. ಆಮೇಲೆ ನನ್ನ ದನಿ, ತುಂಬ ಮೆಲ್ಲಗೆ: “ತಿನ್ನದೆ ಹೋಯ್ತಲ್ಲ ನನ್ ಕೂಸು. ಎಲ್ಲಿ ಹಸ್ಕೊಂಡಿರುತ್ತೋ ಏನೋ.”

ಆ ಮಾತು ಕೆಳಗೆ ಅಕ್ಷರದಲ್ಲಿ ಬಂದಿರಲಿಲ್ಲ. ಕೋಣೆಯಲ್ಲಿ ನಗು ನಿಂತಿತು.

“ಈ ದನಿಯವರ ಒಪ್ಪಿಗೆ ತಗೊಂಡಿದೀಯೇನಮ್ಮ?” ಎಂದು ಸಾಹೇಬರು ಪುಟ್ಟಿಯನ್ನು ಕೇಳಿದರು.

“ಇಲ್ಲ ಸಾರ್. ಕೇಳಿದ್ರೆ ಬೈತಾಳೆ ಅಂತ.”

“ಹಾಗಾದ್ರೆ ಇದಕ್ಕೆ ಹೋಗ್ಲಿ ಬಿಡಿ ಅನ್ನೋಕಾಗಲ್ಲ. ಬಿಡೋದು ತಡೆಯೋದು ದನಿಯವರ ಇಷ್ಟ.” ಅವರು ನನ್ನ ಕಡೆ ತಿರುಗಿದರು. “ಈಗ ಬಾಯಿ ತೆಗೀಬಹುದು.”

ನಾನು ಎದ್ದು ನಿಂತೆ. “ಬೈದದ್ದೆಲ್ಲ ಇರ್ಲಿ ಸಾರ್. ಊರಿಗೆಲ್ಲ ಕೇಳ್ಲಿ. ಕೊನೇದೊಂದು ತೆಗೀಬೇಕು.”

“ಮೊನ್ನೆ ಕಾಳಜಿ ಇಲ್ಲ ಅಂತ ತಡೆದ್ರಿ. ಇವತ್ತು ಕಾಳಜಿ ಇದೆ ಅಂತ ತಡೀತೀರಾ?” ಎಂದರು ಸಾಹೇಬರು.

ನಾನು ಪುಟ್ಟಿಯ ಕಡೆ ತಿರುಗಿದೆ.

“ಅದನ್ನ ತೆಗೆದ್ರೆ ನಂಗೆ ಆಟನೇ ಬೇಡ ಅಕ್ಕ,” ಎಂದಳು ಪುಟ್ಟಿ. “ಬೇರೊಂದು ಆಟಕ್ಕೆ ಪಾತ್ರೆ ಸದ್ದು ಬೇಕು ಅಂತ ಫೋನನ್ನ ರೆಕಾರ್ಡಿಗೆ ಹಾಕಿ ಶೆಲ್ಫಲ್ಲಿ ಇಟ್ಟು, ಮರೆತು ಹೋಗಿದ್ದೆ. ಸಂಜೆ ಕೇಳಿಸ್ಕೊಂಡೆ. ನಾನು ಹೋದ್ಮೇಲೆ ನೀನು ಹಾಗೆ ಅಂತೀಯ ಅಂತ ನಂಗೆ ಅಲ್ಲೀವರೆಗೂ ಗೊತ್ತೇ ಇರ್ಲಿಲ್ಲ. ಈ ಆಟ ಶುರು ಮಾಡಿದ್ದೇ ಆವತ್ತು.”

ತುತ್ತು ತಿನ್ನಿಸಿ ಬೆಳೆಸಿದವಳಿಗೆ ನಾನು ಇಷ್ಟನ್ನು ತಿಳಿಸಿರಲಿಲ್ಲವೇ? ಅಷ್ಟು ಜನರ ಎದುರು ಕಣ್ಣು ಒರೆಸಿಕೊಳ್ಳುವುದು ನನ್ನಿಂದಾಗದ ಕೆಲಸ, ಆದರೂ ಒರೆಸಿಕೊಂಡೆ.

“ಇರ್ಲಿ,” ಎಂದೆ. “ಆದ್ರೆ ಬೇಡ ಅನ್ನೋರಿಗೆ ನನ್ನ ಬಾಯಿ ಮುಚ್ಚೋಕೆ ಒಂದು ಗುಂಡಿ ಇಡು. ಕೇಳೋದು ಬಿಡೋದು ಅವರವರ ಇಷ್ಟ.”

“ಅಂಥ ಗುಂಡಿ ನಮ್ಮ ಆಫೀಸಿಗೂ ಒಂದು ಬೇಕಿತ್ತು,” ಎಂದು ಹಿಂದಿನ ಮೇಜಿನಿಂದ ಯಾರೋ ಗೊಣಗಿದರು. ಯಾರೆಂದು ನನಗೆ ಗೊತ್ತಿದೆ. ಅವರನ್ನು ಆಮೇಲೆ ವಿಚಾರಿಸಿಕೊಂಡೆ.

ಸಾಹೇಬರು ‘ಬಿಡು’ ಒತ್ತಿದರು. ಮಾರನೆಯ ವಾರದಿಂದ ನಮಗೆಲ್ಲ ಹೆಡ್‌ಫೋನ್ ಕಡ್ಡಾಯವಾಯಿತು. ಕಿವಿ ಬೇಯುತ್ತದೆ, ಬೇಯಲಿ.

ಆಟ ಅಂಗಡಿಗೆ ಬಂದ ದಿನ ಪುಟ್ಟಿ ಎಂದಿನಂತೆ ತಡವಾಗಿ ಎದ್ದಳು. ನಾನು ಎಂದಿನಂತೆ ಬೈದೆ. ಅವಳು ತಟ್ಟೆ ಮುಟ್ಟದೆ ಓಡಿದಳು, ಬಾಗಿಲು ಹಾಕಿಕೊಂಡಿತು. ನನ್ನ ಬಾಯಿಗೆ ಅದೇ ಮಾತು ಬಂತು. ಶೆಲ್ಫಿನ ಕಡೆ ನೋಡಿದೆ, ಅವಳು ಮರೆತ ಫೋನ್ ಅಲ್ಲೇ ಇತ್ತು. ಅದನ್ನೂ ಎರಡು ತುಂಡು ಬ್ರೆಡ್ಡನ್ನೂ ಕೈಗೆತ್ತಿಕೊಂಡು ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದೆ. ಅವಳು ಬಸ್ಸು ಹತ್ತುತ್ತಿದ್ದಳು, ಬಸ್ಸಿನವರೆಲ್ಲ ನೋಡುತ್ತಿದ್ದರು.

“ತಿನ್ನದೆ ಹೊರಟ್ಯಲ್ಲೇ ನನ್ ಕೂಸೇ,” ಎಂದು ಅವಳ ಮುಖ ನೋಡಿಕೊಂಡೇ ಹೇಳಿ, ಫೋನನ್ನೂ ಬ್ರೆಡ್ಡನ್ನೂ ಕೈಯಲ್ಲಿ ತುರುಕಿದೆ. “ತಗೋ. ತಿಂದು ಸಾಯಿ.”