ಗಾಳಿ ನಿಂತ ತೊಟ್ಟಿ

ಮಣ್ಣು ಮಾಡುವ ಮುನ್ನ ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡನ ಹಣೆಗೆ ವಿಭೂತಿ ಹಚ್ಚುತ್ತಿದ್ದ ಚನ್ನಕ್ಕನ ಕೈ, ಕೆಲಸದ ಹೊತ್ತಿನಲ್ಲಿ ಮಾಲೀಕನೇ ಎದುರಿಗೆ ಬಂದದ್ದು ಕಂಡು ಅರ್ಧಕ್ಕೇ ನಿಂತಿತು.

"ಮಾಲಕ್ರ, ಫ್ಯಾಕ್ಟರಿ ಬಂದ್ ಮಾಡೀರೇನು?"

ಹಾರ ಹಾಕಲು ಬಾಗಿದ್ದ ಮಹೇಂದ್ರ ಹೌದೆಂದು ತಲೆಯಾಡಿಸಿದ. ಅಲ್ಲಾಳಸಂದ್ರದ ಅಂಚಿನಲ್ಲಿ ರದ್ದಿ ಕಾಗದ ಅರೆದು ಮೊಟ್ಟೆಯ ಟ್ರೇ ಮಾಡುವ ಕಾರ್ಖಾನೆ ಅವನದು. ಅಲ್ಲಿನ ಕೊಳೆನೀರನ್ನು ತಿಳಿಗೊಳಿಸಿ ಮತ್ತೆ ಕಾಗದ ಅರೆಯಲು ಕೊಡುವುದು ಚನ್ನಕ್ಕನ ಗಂಡ ಸಿದ್ರಾಮಪ್ಪನ ಕೆಲಸವಾಗಿತ್ತು.

"ನಿನ್ನೆ ಸಾಯಂಕಾಲಾನೇ ಮೇನ್ ಆಫ್ ಮಾಡಿಸ್ದೆ ಚನ್ನಕ್ಕ. ನಿಮ್ ಯಜಮಾನ್ರು ತೀರ್ಕೊಂಡಿರೋವಾಗ ಮಷಿನ್ ಓಡ್ಸೋದು ಚೆನ್ನಾಗಿರುತ್ತಾ?"

"ತೊಟ್ಟಿಗೆ ಗಾಳಿ ಬಿಡೋ ಬ್ಲೋವರ್?"

"ಎಲ್ಲಾನೂ."

ಮರ್ಯಾದೆ ಕೊಡಲು ಹೋಗಿ ಮಹೇಂದ್ರ ಮಾಡಿಟ್ಟಿದ್ದೇನೆಂದು ಆ ಮನೆಯಲ್ಲಿ ಚನ್ನಕ್ಕನೊಬ್ಬಳಿಗೇ ಅರ್ಥವಾಯಿತು.

*

ಬಸವಕಲ್ಯಾಣದ ಕಡೆಯಿಂದ ಬಂದ ಹೊಸದರಲ್ಲಿ ಸಿದ್ರಾಮಪ್ಪ ಸಗಣಿ ಹೊತ್ತು ತಂದು ತೊಟ್ಟಿಗೆ ಕಲಸಿದಾಗ ಚನ್ನಕ್ಕ ನಕ್ಕಿದ್ದಳು. "ನೀರನ್ನೂ ಸಾರಸ್ತೀರೇನು?"

"ಇದರಾಗಿನ ಜೀವ ಹೊಲಸು ತಿಂದು ನೀರು ತಿಳಿ ಮಾಡ್ತಾವ ಚನ್ನಿ. ಅವಕ್ಕ ಗಾಳಿ ಬೇಕು, ಅಷ್ಟ."

ಒಂದು ಬೇಸಿಗೆಯಲ್ಲಿ ಕರೆಂಟ್ ಹೋದಾಗ ಜನರೇಟರ್ ಕೆಟ್ಟು, ಗಾಳಿ ನಿಂತು ಆ ಜೀವಗಳು ಸತ್ತವು. ನಾರುವ ನೀರನ್ನು ಮೋರಿಗೆ ಬಿಡಬೇಕಾಯಿತು, ಮೋರಿ ಕೆರೆಗೆ ಹರಿಯಿತು. ಸತ್ತು ತೇಲುವ ಮೀನು ನೋಡಿ ಬಂದವನು ಅನ್ನ ಮುಟ್ಟಲಿಲ್ಲ. ಆಮೇಲೆ ಹಬ್ಬವಿರಲಿ ಹುಣ್ಣಿಮೆಯಿರಲಿ, ಬ್ಲೋವರ್ ನಿಲ್ಲಲು ಬಿಟ್ಟವನಲ್ಲ.

*

"ಈಗಿಂದೀಗ ಚಾಲೂ ಮಾಡ್ರಿ. ಸಂಜೀತನಾ ಬಿಟ್ರ ಎಲ್ಲಾ ಸಾಯ್ತಾವ. ಮತ್ತ ಕೆರಿಗೇ ಬಿಡಬೇಕಾಗ್ತದ."

ಮೈದುನ ಸೋಮನಾಥ ಸಿಡುಕಿದ. "ವೈನಿ, ತಲಿ ಕೆಟ್ಟದೇನು? ಅಣ್ಣನ ಹೆಣ ಇಟಗೊಂಡು ಮಷಿನ್ ಮಾತ್ಯಾಕ? ಮಣ್ಣಾಗಲಿ, ಆಮ್ಯಾಲ ನೋಡೋಣು."

"ಆಮ್ಯಾಲ ಏನ್ ಉಳೀತದ? ಅವರನ್ನ ಆ ದಾರೀಲೇ ಒಯ್ಯೋಣು, ಏಳ್ರಿ."

ಸೋಮನಾಥನೇ ಎದ್ದು ಹೊರುವವರನ್ನು ಕರೆದ.

ಹೂವಿನ ಮಂಟಪದಲ್ಲಿ ಕೂತ ಸಿದ್ರಾಮಪ್ಪನನ್ನು ಹೊತ್ತವರು ಭಜನೆ ಹಾಡುತ್ತ ಬಂದು ಕಾರ್ಖಾನೆಯ ಗೇಟಿನಲ್ಲಿ ನಿಂತರು. ಕಡೆಯ ದರ್ಶನಕ್ಕೆ ತಂದರೆಂದುಕೊಂಡು ಕಾರ್ಖಾನೆಯಲ್ಲೇ ಉಳಿದಿದ್ದ ಕೆಲಸದವರು ಕೈಮುಗಿದರು. ಚನ್ನಕ್ಕ ಅವರನ್ನು ದಾಟಿ ನೇರ ತೊಟ್ಟಿಯ ಬಳಿಗೆ ಹೋದಳು. ಬೂದು ನೀರು ಅಲುಗದೆ ಬಿದ್ದಿತ್ತು. ಹುಳಿ ವಾಸನೆ ಆಗಲೇ ಎದ್ದಿತ್ತು.

ತಲೆ ತಗ್ಗಿಸಿಕೊಂಡೇ ಮಹೇಂದ್ರ ಸ್ವಿಚ್ ಒತ್ತಿದ.

ಮೊದಲು ಏನೂ ಆಗಲಿಲ್ಲ. ಆಮೇಲೆ ಮೂಲೆಯಲ್ಲೊಂದು ಗುಳ್ಳೆ ಎದ್ದಿತು. ನೋಡನೋಡುತ್ತ ತೊಟ್ಟಿಯೆಲ್ಲ ಒಲೆಯ ಮೇಲಿನ ಅಂಬಲಿಯಂತೆ ಕೊತಕೊತನೆ ಕುದಿಯತೊಡಗಿತು. ನಿನ್ನೆಯಿಂದ ಒಂದು ಹನಿ ಕಣ್ಣೀರು ಹಾಕದ ಚನ್ನಕ್ಕ ಕಟ್ಟೆ ಹಿಡಿದು ಕುಸಿದು, ಬಾಯಿಬಿಟ್ಟು ಅತ್ತಳು. ಬ್ಲೋವರಿನ ಅಬ್ಬರದಲ್ಲಿ ಅದು ಗೇಟಿನಾಚೆಗೆ ಕೇಳಿಸಲಿಲ್ಲ. ಅಲ್ಲಿ ಸಿದ್ರಾಮಪ್ಪನನ್ನು ಹೊತ್ತವರು ಹೆಗಲು ಬದಲಿಸುತ್ತ ಕಾಯುತ್ತಿದ್ದರು.