ಏಳು ಕೆಲಸದ ದಿನ

"ಬೀಗ ಹಾಕಿ ಕೀ ಕೊಡಿ ಅಂದ್ರೆ ಇಲ್ಲಿ ಸಂತೆ ನೆರೆಸಿದ್ದೀರಲ್ಲ," ಎಂದು ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ಕೇಳಿದಾಗ ಲೈಬ್ರರಿ ಮೇಡಂ ತಲೆ ಎತ್ತಲಿಲ್ಲ. ಠಪ್ಪೆಂದು ಇನ್ನೊಂದು ಪುಸ್ತಕಕ್ಕೆ ತಾರೀಕಿನ ಮೊಹರು ಒತ್ತಿದರು. ಬೇಸಿಗೆ ರಜೆಗೆ ಮುಂಚಿನ ಕೊನೆಯ ದಿನ. ಮಕ್ಕಳ ಸಾಲು ಹೊರಗಿನ ಮೆಟ್ಟಿಲವರೆಗೂ ಇತ್ತು.

ಪ್ರತಿ ವರ್ಷ ಈ ದಿನ ಪುಸ್ತಕಗಳೆಲ್ಲ ವಾಪಸು ಬಂದು, ಎರಡು ತಿಂಗಳು ಮರದ ಬೀರುವಿನೊಳಗೆ ನುಸಿಗುಳಿಗೆಯ ಜೊತೆ ಭದ್ರವಾಗಿರುತ್ತಿದ್ದವು. ಭದ್ರ ಎನ್ನುವುದು ಹೆಡ್‌ಮಾಸ್ಟರ ಮಾತು. ಅದನ್ನು ಕೇಳಿದರೆ ಮೇಡಂಗೆ ಮೈಯೆಲ್ಲ ಉರಿಯುತ್ತಿತ್ತು. ಎಲ್ಲರೂ ಗುಬ್ಬಿ ಎಂದು ಕರೆಯುವ ಪುಟ್ಟ ಹುಡುಗಿ ಹೋದ ವರ್ಷ ಒದ್ದಾಡಿ ಒದ್ದಾಡಿ ಓದಲು ಕಲಿತಿದ್ದಳು. ಮನೆಯಲ್ಲಿ ಕ್ಯಾಲೆಂಡರ್ ಬಿಟ್ಟರೆ ಓದುವಂಥದ್ದೇನೂ ಇರಲಿಲ್ಲ. ರಜೆ ಮುಗಿಸಿ ಬಂದವಳು ಒತ್ತಕ್ಷರ ಕಂಡರೆ ಅಳತೊಡಗಿದಳು. ಮತ್ತೆ ಮೊದಲಿಂದ ತಿದ್ದಿ ದಾರಿಗೆ ತರುವಷ್ಟರಲ್ಲಿ ಈ ವರ್ಷವೂ ಕಳೆದಿತ್ತು. ಇನ್ನೊಮ್ಮೆ ಹಾಗಾದರೆ ಆ ಮಗು ಪುಸ್ತಕದ ಕಡೆ ತಿರುಗಿಯೂ ನೋಡುವುದಿಲ್ಲ.

"ರಜೇಲಿ ಪುಸ್ತಕ ಕೊಡೋ ಹಾಗಿಲ್ಲ ಅಂತ ಹೇಳಿರ್ಲಿಲ್ವಾ?"

"ರಜೆ ನಾಳೆಯಿಂದ ಸಾರ್. ಇವತ್ತು ಕೆಲಸದ ದಿನ."

"ಏಳು ದಿನಕ್ಕೆ ವಾಪಸ್ ತರ್ಬೇಕಲ್ಲ, ಆಗ ಇಲ್ಲಿ ಯಾರು ಇಸ್ಕೊಳ್ತಾರೆ, ದೆವ್ವಾನಾ?"

ಮೇಡಂ ಗೋಡೆಯ ನಿಯಮಪಟ್ಟಿಯತ್ತ ಬೆರಳು ತೋರಿಸಿದರು. "ಏಳು ಕೆಲಸದ ದಿನ ಅಂತಿದೆ. ಮಧ್ಯೆ ಬರೋ ರಜೆ ಲೆಕ್ಕಕ್ಕಿಲ್ಲ. ಸಹಿ ನಿಮ್ಮದೇ."

ಹೆಡ್‌ಮಾಸ್ಟರು ಕನ್ನಡಕ ಏರಿಸಿ ಓದಿದರು. ಅವರೇ ಒಯ್ದಿದ್ದ ಪುಸ್ತಕ ಒಮ್ಮೆ ಮೂರು ದಿನ ತಡವಾದಾಗ, ಮಧ್ಯೆ ರಜೆ ಇತ್ತೆಂದು ವಾದಿಸಿ ಅವರೇ ಸೇರಿಸಿದ ಸಾಲು ಅದು. ಅವರ ಮುಖ ಸಣ್ಣದಾಯಿತು.

"ಹರ್ಕೊಂಡು ಬಂದ್ರೆ?"

"ಅಂಟಿಸ್ತೀನಿ."

"ಕಳೆದು ಹೋದ್ರೆ ನಿಮ್ಮ ಹೆಸರೇ ಮೇಲಿನವರಿಗೆ ಬರೆದು ಕಳಿಸೋದು. ಆಮೇಲೆ ಈ ಕುರ್ಚಿ ಇರುತ್ತೋ ಇಲ್ವೋ, ನಂಗೊತ್ತಿಲ್ಲ."

"ಕಳಿಸಿ ಸಾರ್. ಬೀರುವಲ್ಲಿ ಗೆದ್ದಲು ತಿಂದಾಗ ಯಾರ ಹೆಸರೂ ಬರೀಲಿಲ್ಲ. ಮಕ್ಕಳ ಕೈಲಿ ಹೋದ್ರೆ ನನ್ನ ಹೆಸರೇ ಇರ್ಲಿ."

ಕೆಲಸ ಹೋಗುವ ಭಯ ಯಾರಿಗಿಲ್ಲ? ಆದರೂ ಮೊಹರು ಹಿಡಿದ ಮೇಡಂ ಕೈ ನಿಲ್ಲಲಿಲ್ಲ. ಕೊನೆಯ ಮಗು ಹೋದ ಮೇಲೆ ಎದ್ದು, ಸೆರಗಿನಿಂದ ಬೆರಳಿನ ಶಾಯಿ ಒರೆಸಿಕೊಂಡು ಕೀ ಕೊಟ್ಟರು.

ಹೆಡ್‌ಮಾಸ್ಟರು ಬೀರು ತೆಗೆದು ನೋಡಿದರು. ಹಾಸಿದ ಹಳೇ ಪೇಪರು, ನಾಲ್ಕು ನುಸಿಗುಳಿಗೆ. ಖಾಲಿ ಬೀರುವಿಗೆ ಬೀಗ ಜಡಿದು, ರೂಢಿಯಂತೆ ಎರಡು ಸಲ ಎಳೆದು ನೋಡಿ ಹೊರಗೆ ಬಂದರು.

ಮೆಟ್ಟಿಲ ಮೇಲೆ ಗುಬ್ಬಿ ಕೂತಿದ್ದಳು. ಮಡಿಲಲ್ಲಿ ಪುಸ್ತಕ, ಒಂದು ಒತ್ತಕ್ಷರದ ಕೆಳಗೆ ಬೆರಳು.

"ದಾರಿ ಬಿಡಮ್ಮ."

"ಇನ್ನೊಂದೇ ಸಾಲು ಸಾರ್," ಎಂದಳು ಅವಳು, ತಲೆ ಎತ್ತದೆ.

ಹೆಡ್‌ಮಾಸ್ಟರು ಕೀ ಹಿಡಿದುಕೊಂಡು ಮೇಲಿನ ಮೆಟ್ಟಿಲಲ್ಲೇ ನಿಂತರು.